ಔಟಾದವರ ಬೆಂಚು

ನೂತನಾ ಬಾನಾವಳಿಕರ, ಒಂಬತ್ತನೇ 'ಬ' ವರ್ಗ.
ಹಾಜರಿ ಕರೆದರೆ ಕೈ ಎತ್ತುತ್ತಾಳೆ, ದನಿ ಎತ್ತುವುದಿಲ್ಲ.
ಗಣಿತದ ಕಿರುಪರೀಕ್ಷೆಯ ದಿನ
ಪೆನ್ನು ಕೆಳಗಿಟ್ಟು ಹೊರಗೆ ಓಡಿದಳು,
ನಲ್ಲಿಯ ಹತ್ತಿರ ಕಂಬ ಹಿಡಿದು ನಿಂತಿದ್ದಳು
ದೋಣಿಗೆ ಬಿದ್ದ ಬಂಗಡೆಯ ಹಾಗೆ ಬಾಯಿ ತೆರೆದು, ಮುಚ್ಚಿ.
ಏನಾಗ್ತದೆ, ಅಂದೆ.
ಕೊಂಕಣಿಯಲ್ಲಿ ಏನೋ ಅಂದಳು, ಅರ್ಧ.
ಉಳಿದರ್ಧ ಯಾವ ಭಾಷೆಯಲ್ಲೂ ಇರಲಿಲ್ಲ.

ಜಿಲ್ಲಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಎದೆ ಸ್ವಚ್ಛ ಇದೆ ಅಂದರಂತೆ.
ಅವಳ ಆಯಿ ಬೈತಖೋಲದ ಬಂದರಿನಿಂದ ನೇರ ಶಾಲೆಗೆ ಬಂದು
ಬುಟ್ಟಿಯನ್ನು ಗೇಟಿನ ಹೊರಗಿಟ್ಟು
(ಇಡು ಅಂತ ಯಾರೂ ಹೇಳಿರಲಿಲ್ಲ, ತಾನೇ ಇಟ್ಟಳು)
ಕೇಳಿದಳು: "ಬಾಯೆ, ಸ್ವಚ್ಛ ಇದ್ದರೆ ಮತ್ತೆ ಯಾಕೆ?"

ನಾನು ಪಿ.ಟಿ. ಟೀಚರು. ನನ್ನ ಹತ್ತಿರ ಇರುವುದು
ಒಂದು ಸೀಟಿ, ಎರಡು ಹಗ್ಗ, ಗಾಳಿ ಹೋದ ಮೂರು ವಾಲಿಬಾಲು.
ವಾರಕ್ಕೆ ಎರಡು ಪಿರಿಯಡ್ಡು,
ಅದರಲ್ಲೂ ಒಂದನ್ನು ಗಣಿತದವರು ಸಾಲ ಕೇಳುತ್ತಾರೆ.
ಸಾಲ ಅಂದಮೇಲೆ ತೀರಿಸಬೇಕೆಂಬುದು
ಅವರ ಗಣಿತದಲ್ಲಿಲ್ಲ.

ಗಾಳಿಮರಗಳ ಆಚೆ ಮರಳು.
ಚಿಪ್ಪಿಸುಣ್ಣದಲ್ಲಿ ಅಂಕಣ ಎಳೆದೆ.
ಏಳು ಜನ ಬೇಕಿತ್ತು, ಆರಿದ್ದರು;
ನಿಜ ಹೇಳಬೇಕೆಂದರೆ ಅವಳನ್ನು ಕರೆದದ್ದು ಅಷ್ಟಕ್ಕೇ.
ಅಫ್ಸಾನಾ ಶೇಖ್ ಬೆನ್ನು ತಳ್ಳಿದಳು: ಹೋಗೇ.
ನಡುಗೆರೆ ದಾಟಿದಳು. ಬಾಯಿ ಬಿಡಲಿಲ್ಲ.
ಸೀಟಿ ಊದಿದೆ. ಔಟ್.
ಮತ್ತೆ ಹೋದಳು. ಔಟ್.
ಈ ಆಟದಲ್ಲಿ ಸುಮ್ಮನಿರುವುದೇ ತಪ್ಪು ನೋಡು, ಅಂದೆ,
ಒಂದೇ ಮಾತು ಸಾಕು,
ಕೊಂಕಣಿಗೂ ಅದೇ, ಕನ್ನಡಕ್ಕೂ ಅದೇ.
"ನಮ್ಮ ಅಜ್ಜಿ ಹುತುತು ಅಂತಿತ್ತು" ಅಂದಳು.
ನಾನು ಕೇಳಿದ ಅವಳ ಮೊದಲ ಪೂರ್ತಿ ವಾಕ್ಯ ಅದು.

ಮೂರನೇ ಸಲ ಬಂತು,
ಮೊದಲು ಗಂಟಲಲ್ಲಿ, ಆಮೇಲೆ ಹಲ್ಲಿನ ಸಂದಿಯಲ್ಲಿ,
ಕಬಡ್ಡಿ ಕಬಡ್ಡಿ ಕಬಡ್ಡಿ
ಡ್ಡಿ ಡ್ಡಿ ಎಂದು ನೆಲಕ್ಕೆ ಮೊಳೆ ಹೊಡೆಯುವ ಹಾಗೆ,
ಹಳೇ ಬೋಟಿನ ಮೋಟಾರು ಚಾಲೂ ಆಗಿ, ಆಗದೆ, ಆಗಿ
ಕೊನೆಗೂ ಕಾಳಿಯ ಅಳಿವೆ ದಾಟುವ ಹಾಗೆ.

ಇದರಿಂದ ಗುಣವಾಯಿತು ಅಂತ ಬರೆಯಲಾರೆ.

ತಾಲ್ಲೂಕು ಪಂದ್ಯಕ್ಕೆ ಎದುರಿನ ತಂಡವೇ ಬರಲಿಲ್ಲ, ಗೆದ್ದೆವು.
ಜಿಲ್ಲೆಯದಕ್ಕೆ ಅಂಕೋಲೆ; ಹಳಿಯಾಳದ ಹುಡುಗಿಯರು
ತೊಡೆ ತಟ್ಟಿದ ಸದ್ದಿಗೇ ನಮ್ಮವರು ಅರ್ಧ ಸೋತರು.
ಅವಳ ಪಾದ ಹಿಡಿದರು, ಸೊಂಟ ಹಿಡಿದರು, ಐದು ಜನ ಮೇಲೆ ಬಿದ್ದರು.
ಆ ರಾಶಿಯ ಅಡಿಯಿಂದ ಮಾತು ಬರುತ್ತಲೇ ಇತ್ತು.
ಸೀಟಿಯಾದ ಮೇಲೂ.

ಆಮೇಲೆ ಔಟಾದವರ ಬೆಂಚು, ಮೊಣಕಾಲಿಗೆ ಮಣ್ಣು.
ಅವಳಿಗಿಂತ ಮೊದಲೇ ಇಬ್ಬರು ಕೂತಿದ್ದರು.
ಈ ನಿಯಮವನ್ನು ಇಪ್ಪತ್ತು ವರ್ಷ ಕಲಿಸಿದ್ದೇನೆ,
ಅವತ್ತು ಮೊದಲ ಸಲ ಓದಿದ ಹಾಗಾಯಿತು:
ಅಲ್ಲಿ ಒಬ್ಬಳು ಒಂದು ಅಂಕ ತಂದರೆ
ಇಲ್ಲಿ ಕೂತ ಒಬ್ಬಳಿಗೆ ಜೀವ, ಔಟಾದ ಸರತಿಯಲ್ಲೇ.
ಅಫ್ಸಾನಾ ಮೂರು ಸಲ ಹೋಗಿ ಬಂದಳು.
ಮೂರನೇ ಸಲದ ಬೆರಳ ತುದಿಗೆ
ನೂತನಾ ಎದ್ದಳು, ಮಣ್ಣು ಕೊಡವಿಕೊಂಡಳು.

ನಲವತ್ತೊಂದು, ಹತ್ತೊಂಬತ್ತು.
ಸೋತು ಬರುವ ಬಸ್ಸಿನಲ್ಲಿ ಎಲ್ಲರೂ ಶೇಂಗಾ ತಿಂದರು.

ಮಾರ್ಚಿನಲ್ಲಿ ಮತ್ತೆ ಎದ್ದು ಓಡಿದಳು, ಪರೀಕ್ಷೆಯ ಅರ್ಧಕ್ಕೆ.
ಅದೇ ಕಂಬ. ನಾನು ಮೆಟ್ಟಿಲ ಮೇಲಿದ್ದೆ, ಹತ್ತಿರ ಹೋಗಲಿಲ್ಲ.
ಹೋಗಬೇಕಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ.
ತುಟಿ ಅಲ್ಲಾಡುತ್ತಿತ್ತು. ಒಂದು ಉಸಿರು. ಇನ್ನೊಂದು.
ಹತ್ತು ನಿಮಿಷ ಹೋಯಿತು, ಮೂರು ಲೆಕ್ಕ ಹೋದವು.
ಆಮೇಲೆ ಎದುರಿನವರ ಅಂಕಣಕ್ಕೆ ಇಳಿಯುವವಳಂತೆ
ಬಲಗಾಲು ಮುಂದಿಟ್ಟು ಕೊಠಡಿಯ ಹೊಸ್ತಿಲು ದಾಟಿದಳು.

ಮೇಲ್ವಿಚಾರಕರು ಚಾ ಕುಡಿಯುತ್ತ ಹೇಳಿದರು:
"ಆ ಹುಡುಗಿಗೆ ದೇವರ ಮೇಲೆ ಭಾರೀ ಭಕ್ತಿ ಮಾರಾಯ್ರೇ, ಉದ್ದಕ್ಕೂ ಜಪ."
ಸೀಟಿಯ ದಾರ ಬೆರಳಿಗೆ ಸುತ್ತಿಕೊಂಡು
ಹೌದು ಅಂದೆ.
ಕಿಟಕಿಯಾಚೆ ಗಾಳಿಗೆ ಅಂಕಣದ ಗೆರೆ ಅರ್ಧ ಅಳಿಸಿತ್ತು.
ಸಂಜೆಗೆ ಸುಣ್ಣ ತರಿಸಬೇಕು.